ಮನಸ್ಸಿನ ನೋವಿಗೂ ಮದ್ದುಂಟು

ಜ್ವರ ಬಂದವರನ್ನು ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಕಾಲು ಮುರಿದವರಿಗೆ ಎಳನೀರು ತಂದುಕೊಡುತ್ತಾರೆ. ಹೆರಿಗೆಯಾದ ಮನೆಗೆ ಸಾರಿನ ಪಾತ್ರೆ ಹೋಗುತ್ತದೆ. ಆದರೆ ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಭಾರವೆನಿಸಿ ಮೂಲೆಯಲ್ಲಿ ಕುಳಿತವರನ್ನು ವಿಚಾರಿಸುವವರು ಕಡಿಮೆ. ಇದು ನಮ್ಮ ಜನರ ಕಲ್ಲೆದೆಯಿಂದಾದುದಲ್ಲ. ಅದೊಂದು ಕಾಯಿಲೆಯೆಂದು ನಮಗೆ ತೋರುವುದಿಲ್ಲ. ತೋರಿದರೂ ಬಾಯಿಬಿಟ್ಟು ಹೇಳಲು ಸಂಕೋಚ ಅಡ್ಡಬರುತ್ತದೆ.

ಬಿಳಿಗೆರೆ ಸುತ್ತಿನ ಒಬ್ಬ ತಾಯಿಯ ವಿಷಯವನ್ನು ಇಲ್ಲಿ ಹೇಳಬೇಕು. ಗುರುತು ತಿಳಿಯದಂತೆ ವಿವರಗಳನ್ನು ಕೊಂಚ ಬದಲಿಸಿದ್ದೇವೆ. ವಯಸ್ಸು ನಲವತ್ತರ ಆಸುಪಾಸು. ಒಂದೂವರೆ ಎಕರೆ ಜಮೀನು, ಕಾಲೇಜಿಗೆ ಹೋಗುವ ಮಗ, ಮದುವೆಗೆ ಬಂದ ಮಗಳು. "ತಲೆ ಧಗಧಗ ಅಂತದೆ, ಎದೆ ಹಿಂಡ್ದಂಗಾಯ್ತದೆ, ಕೈಕಾಲು ಸೋತೋಯ್ತವೆ" ಎಂಬುದು ಆಕೆಯ ದೂರು. ಎರಡು ವರ್ಷಗಳಲ್ಲಿ ನಾಲ್ಕಾರು ವೈದ್ಯರನ್ನು ಕಂಡಿದ್ದರು. ತಲೆಯ ಸ್ಕ್ಯಾನ್, ಎದೆಯ ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಆಗಿದ್ದವು, ಎಲ್ಲವೂ ಸರಿಯಿದ್ದವು. ನಂಜನಗೂಡಿನಲ್ಲಿ ಉರುಳುಸೇವೆಯೂ ನಡೆದಿತ್ತು, ತಾಯತವೂ ಕಟ್ಟಿತ್ತು. "ಎಲ್ಲಾ ನಾರ್ಮಲ್ ಐತೆ ಅಂತಾರೆ, ನಾನೇನು ಸುಳ್ಳು ಹೇಳ್ತೀನಾ?" ಎಂದು ಆಕೆ ಅತ್ತರು.

"ನಿದ್ದೆ ಹೇಗವ್ವಾ?" ಎಂದು ನಾವು ಕೇಳಿದೆವು.

"ನಿದ್ದೆ ಎಲ್ಲಿ ಬತ್ತದೆ ಸ್ವಾಮಿ, ಮೂರು ಗಂಟೆಗೇ ಎಚ್ಚರಾಯ್ತದೆ."

"ವಾರದಲ್ಲಿ ಯಾವತ್ತು ಹೆಚ್ಚು?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಧವಾರ ರಾತ್ರಿ ಸುರುವಾಯ್ತದೆ. ಗುರುವಾರ ಸಂಘದ ಕಂತು ಕಟ್ಟಬೇಕಲ್ಲ" ಎಂದರು.

ಎರಡು ವರ್ಷಗಳ ಕಾಲ ಯಾವ ಯಂತ್ರಕ್ಕೂ ಕಾಣದಿದ್ದ ಕಾಯಿಲೆಯು ಆ ಒಂದು ಮಾತಿನಲ್ಲಿ ಕಂಡಿತು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ನೋವು ನಿಜವಾಗಿತ್ತು, ಅದರ ಬೇರು ಮಾತ್ರ ಮನಸ್ಸಿನಲ್ಲಿತ್ತು.

ಎಷ್ಟು ಸಾಮಾನ್ಯ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರೆಂದು ಅದು ತಿಳಿಸಿತು. ಅಂದರೆ ಸುಮಾರಾಗಿ ಹತ್ತು ಮಂದಿಗೆ ಒಬ್ಬರು. ಇನ್ನೂ ಕಳವಳದ ಸಂಗತಿಯೆಂದರೆ, ಕಾಯಿಲೆಯ ಬಗೆಯನ್ನು ಅನುಸರಿಸಿ ಶೇಕಡಾ 70ರಿಂದ 92ರಷ್ಟು ರೋಗಿಗಳಿಗೆ ಯಾವ ಚಿಕಿತ್ಸೆಯೂ ದೊರೆಯುತ್ತಿರಲಿಲ್ಲ. ಮದ್ದಿಲ್ಲದ ಕಾಯಿಲೆಯಿಂದ ನರಳುವುದು ಒಂದು ಮಾತು. ಮದ್ದಿದ್ದೂ ನರಳುವುದು ಬೇರೆಯೇ ಮಾತು.

ಮಾನಸಿಕ ಕಾಯಿಲೆ ಎಂದೊಡನೆ ಬೀದಿಯಲ್ಲಿ ಕೂಗಾಡುವವರ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ವಾಸ್ತವದಲ್ಲಿ ಇಂತಹ ತೀವ್ರ ಕಾಯಿಲೆಗಳು ವಿರಳ. ಹೆಚ್ಚಿನವರನ್ನು ಕಾಡುವುದು ಖಿನ್ನತೆ, ಅತಿಯಾದ ಆತಂಕ ಮತ್ತು ಮದ್ಯದ ಚಟ. ಇವುಗಳಿಂದ ಬಳಲುವವರು ನಮ್ಮ ನಡುವೆಯೇ ಹೊಲಕ್ಕೆ ಹೋಗುತ್ತಿರುತ್ತಾರೆ, ಡೇರಿಗೆ ಹಾಲು ಹಾಕುತ್ತಿರುತ್ತಾರೆ, ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾರೆ.

ಖಿನ್ನತೆ: ದುಃಖವಲ್ಲ, ಕಾಯಿಲೆ

ಬೆಳೆ ಹೋದಾಗ, ಹತ್ತಿರದವರು ತೀರಿಕೊಂಡಾಗ ದುಃಖವಾಗುವುದು ಸಹಜ. ಅದು ಕಾಯಿಲೆಯಲ್ಲ, ದಿನ ಕಳೆದಂತೆ ಅದು ತಗ್ಗುತ್ತದೆ, ನಡುನಡುವೆ ಮೊಮ್ಮಗುವಿನ ಆಟಕ್ಕೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಹಾಗಲ್ಲ. ಮಂಕು ಕವಿದರೆ ಸರಿಯುವುದೇ ಇಲ್ಲ.

ಯಾರಾದರೂ ತಮ್ಮನ್ನು ತಾವೇ ಕೇಳಿಕೊಳ್ಳಬಹುದಾದ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದೆಯೆ, ಮುಂದೆ ದಾರಿಯಿಲ್ಲವೆನಿಸಿದೆಯೆ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿಯೇ ಹೋಗಿದೆಯೆ? ಇವೆರಡರಲ್ಲಿ ಒಂದಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ ವೈದ್ಯರೊಡನೆ ಮಾತನಾಡುವುದು ಒಳಿತು. ಜೊತೆಗೆ ನಿದ್ರೆ ಕೆಡುವುದು, ವಿಶೇಷವಾಗಿ ಬೆಳಗಿನ ಜಾವಕ್ಕೆ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಹಸಿವು ಇಂಗುವುದು, ಸಣ್ಣ ಕೆಲಸಕ್ಕೂ ದಣಿವು, ಮರೆವು, ತೀರ್ಮಾನಕ್ಕೆ ಬಾರಲಾಗದ ಸ್ಥಿತಿ, 'ಎಲ್ಲಕ್ಕೂ ನಾನೇ ಕಾರಣ' ಎಂಬ ತಪ್ಪಿತಸ್ಥ ಭಾವ, 'ಇದ್ದೇನು ಪ್ರಯೋಜನ' ಎಂಬ ಯೋಚನೆ ಇವೂ ಕಾಣಿಸಿಕೊಳ್ಳಬಹುದು.

ನಮ್ಮ ಕಡೆಯ ಜನ, ಅದರಲ್ಲೂ ಹೆಣ್ಣುಮಕ್ಕಳು, 'ನನಗೆ ಬೇಸರವಾಗಿದೆ' ಎಂದು ವೈದ್ಯರ ಬಳಿ ಹೇಳುವುದು ಅಪರೂಪ. ತಲೆ ಉರಿ, ಬೆನ್ನು ನೋವು, ಗ್ಯಾಸ್, ಸುಸ್ತು ಎಂದು ಹೇಳುತ್ತಾರೆ. ಮನಸ್ಸು ಆಡಲಾಗದ ಮಾತನ್ನು ಮೈ ಆಡುತ್ತದೆ. ಹಾಗೆಂದು ಮೈನೋವೆಲ್ಲ ಮನಸ್ಸಿನದೆಂದು ತಳ್ಳಿಹಾಕಲೂ ಬಾರದು. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆ, ವಿಟಮಿನ್ ಬಿ12 ಕೊರತೆ ಇವುಗಳಿಂದಲೂ ಇದೇ ಬಗೆಯ ದಣಿವು ಮತ್ತು ಮಂಕು ಬರುತ್ತವೆ. ಆದ್ದರಿಂದ ಮೊದಲು ಒಮ್ಮೆ ಪರೀಕ್ಷೆ ಮಾಡಿಸಬೇಕು. ಅವು ಸರಿಯಿದ್ದರೆ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುತ್ತ ಹಣ ಕಳೆಯದೆ ಮನಸ್ಸಿನ ಕಡೆ ನೋಡಬೇಕು.

ಆತಂಕ ಮತ್ತು ದಿಗಿಲು

ಆತಂಕವು ಸ್ವತಃ ಕೆಟ್ಟದ್ದಲ್ಲ. ಗದ್ದೆಯ ಬದುವಿನಲ್ಲಿ ಹಾವು ಕಂಡಾಗ ಎದೆ ಬಡಿದುಕೊಂಡು ಕಾಲು ತಾನಾಗಿ ಹಿಂದೆ ಸರಿಯುವುದು ಅದರಿಂದಲೇ. ಹಾವಿಲ್ಲದಾಗಲೂ ಎದೆ ಹಾಗೆಯೇ ಬಡಿದುಕೊಳ್ಳತೊಡಗಿದರೆ, ದಿನವಿಡೀ ಏನೋ ಕೇಡಾಗುತ್ತದೆಂಬ ಅಂಜಿಕೆ ತಿಂಗಳುಗಟ್ಟಲೆ ನಿಂತರೆ ಅದಕ್ಕೆ ಚಿಕಿತ್ಸೆ ಬೇಕು.

ಕೆಲವರಿಗೆ ಈ ಭಯ ಒಮ್ಮೆಲೇ ಮೇಲೆರಗುತ್ತದೆ. ಎದೆ ಢವಢವ, ಉಸಿರುಗಟ್ಟಿದಂತೆ, ಬೆವರು, ನಡುಕ, ಈಗಲೇ ಸತ್ತೇಹೋಗುತ್ತೇನೆಂಬ ದಿಗಿಲು. ಸಾಮಾನ್ಯವಾಗಿ ಹತ್ತು ನಿಮಿಷಗಳಲ್ಲಿ ಏರಿ ಬಳಿಕ ಇಳಿಯುವ ಇದನ್ನು ಪ್ಯಾನಿಕ್ ಎನ್ನುತ್ತಾರೆ. ಮೊದಲ ಸಲ ಹೀಗಾದಾಗ ಹೃದಯದ ತಪಾಸಣೆ ಅಗತ್ಯ. ಎದೆನೋವನ್ನು ಯಾರೂ ಮನೆಯಲ್ಲೇ ಕುಳಿತು 'ಟೆನ್ಷನ್' ಎಂದು ತೀರ್ಮಾನಿಸಬಾರದು. ಹೃದಯ ಚೆನ್ನಾಗಿದೆಯೆಂದು ವೈದ್ಯರು ಹೇಳಿದ ಮೇಲೆ, ಮುಂದಿನ ಸಲ ದಿಗಿಲು ಬಂದಾಗ ಕುಳಿತು ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ಹೆಚ್ಚು ನಿಧಾನವಾಗಿ ಬಿಡುತ್ತ, 'ಇದು ಬಂದಂತೆಯೇ ಹೋಗುತ್ತದೆ' ಎಂದು ತಮಗೆ ತಾವೇ ಹೇಳಿಕೊಳ್ಳಬಹುದು.

ನಮ್ಮ ಊರುಗಳ ಹೊರೆ

ಮನಸ್ಸಿನ ಕಾಯಿಲೆಗೆ ಒಂದೇ ಕಾರಣವಿಲ್ಲ. ವಂಶದ ಒಲವು, ಮಿದುಳಿನ ರಾಸಾಯನಿಕಗಳ ಏರುಪೇರು, ಬಾಲ್ಯದ ಪೆಟ್ಟು, ಇಂದಿನ ಕಷ್ಟ ಇವೆಲ್ಲ ಕೂಡಿ ಅದನ್ನು ತರುತ್ತವೆ. ಇಂದಿನ ಕಷ್ಟಗಳನ್ನು ನಾವು ದೂರ ಹುಡುಕಬೇಕಿಲ್ಲ. ಕಪಿಲೆಯ ದಡದವರು 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳನ್ನು ಮರೆತಿಲ್ಲ. ನೀರು ಇಳಿದ ಮೇಲೆ ಗೋಡೆಯ ಕೆಸರನ್ನು ತೊಳೆಯಬಹುದು. ಮಳೆಯ ಸದ್ದಿಗೆ ಬೆಚ್ಚಿಬೀಳುವ ಮನಸ್ಸನ್ನು ತೊಳೆಯುವುದು ಹಾಗೆ ಸುಲಭವಲ್ಲ. ಬಾಳೆಗೆ ರೋಗ ತಗಲಿದರೆ, ಬೋರ್‌ವೆಲ್ ಬತ್ತಿದರೆ, ಫಸಲಿಗೆ ಬೆಲೆ ಬೀಳುವುದಾದರೆ ಅದರ ಭಾರ ಇಡೀ ಮನೆಯ ಮೇಲೆ ಬೀಳುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ದುಡಿಯುವ ಯುವಕರಿಗೆ ನಿದ್ರೆಯೇ ಸಮಸ್ಯೆ.

ಇವೆಲ್ಲದರ ಮೇಲೆ ಸಾಲ. 2025ರ ಆರಂಭದಲ್ಲಿ ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಸಣ್ಣ ಸಾಲದ ವಸೂಲಿಯ ಕಿರುಕುಳ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದ ಸುದ್ದಿಯನ್ನು ನಾವೆಲ್ಲ ಓದಿದೆವು. ಅದೇ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಸಾಲಕ್ಕೆ ಮಾತ್ರೆಯಲ್ಲಿ ಪರಿಹಾರವಿಲ್ಲ, ನಿಜ. ಆದರೆ ನಿದ್ರೆಗೆಟ್ಟು ಕುಗ್ಗಿದ ಮನಸ್ಸಿಗೆ ಸಾಲದಿಂದ ಹೊರಬರುವ ದಾರಿಯೂ ಕಾಣುವುದಿಲ್ಲ. ಮೊದಲು ಮನಸ್ಸು ಚೇತರಿಸಿಕೊಂಡರೆ ಬ್ಯಾಂಕಿನವರೊಡನೆ ಮಾತನಾಡಲು, ದೂರು ಕೊಡಲು, ಖರ್ಚು ತಗ್ಗಿಸಲು ಬಲ ಬರುತ್ತದೆ.

ಗಮನಿಸಬೇಕಾದವರು

ಹೆರಿಗೆಯಾದ ಮೊದಲ ದಿನಗಳಲ್ಲಿ ಬಾಣಂತಿಗೆ ಕಾರಣವಿಲ್ಲದೆ ಅಳು ಬರುವುದುಂಟು. ಅದು ಹೆಚ್ಚೆಂದರೆ ಎರಡು ವಾರಗಳಲ್ಲಿ ತಾನೇ ಹೋಗುತ್ತದೆ. ಅದಕ್ಕೂ ಮೀರಿ ಮಂಕು ನಿಂತರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಬಾಣಂತಿಯ ಖಿನ್ನತೆ. 'ಮಗು ಹುಟ್ಟಿದ ಮನೇಲಿ ಅಳಬಾರದು' ಎಂದು ಗದರುವುದರಿಂದ ಅದು ವಾಸಿಯಾಗದು. ವಿಚಿತ್ರ ಮಾತು, ನಿದ್ರೆಯೇ ಇಲ್ಲದ ಅಲೆದಾಟ ಕಂಡರಂತೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಮನೆಗಳಲ್ಲಿ ಫಲಿತಾಂಶದ ದಿನ ಅಂಕಪಟ್ಟಿಗಿಂತ ಮಗುವಿನ ಮುಖವನ್ನು ಮೊದಲು ನೋಡಬೇಕು. ಮತ್ತೆ ಪರೀಕ್ಷೆ ಬರೆಯಬಹುದು, ಬೇರೆ ದಾರಿಗಳಿವೆ ಎಂಬ ಮಾತನ್ನು ಫಲಿತಾಂಶ ಬರುವ ಮೊದಲೇ ಹೇಳಿಟ್ಟಿರಬೇಕು.

ವೃದ್ಧರು ಮಾತು ಕಡಿಮೆ ಮಾಡಿದರೆ 'ವಯಸ್ಸಾಯಿತು' ಎಂದು ಬಿಡುವುದು ಸಾಮಾನ್ಯ. ಮರೆವಿನ ಕಾಯಿಲೆಯಂತೆ ಕಾಣುವುದು ಕೆಲವೊಮ್ಮೆ ಖಿನ್ನತೆಯೇ ಆಗಿರುತ್ತದೆ ಮತ್ತು ಅದು ವಾಸಿಯಾಗುತ್ತದೆ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ಎಷ್ಟೋ ಗಂಡಸರು ನಿದ್ರೆಗೆಂದು, ಚಿಂತೆ ಮರೆಯಲೆಂದು ಕುಡಿಯಲು ತೊಡಗುತ್ತಾರೆ. ಮದ್ಯವು ನಿದ್ರೆಯನ್ನೂ ಕೆಡಿಸುತ್ತದೆ, ಮಂಕನ್ನೂ ಹೆಚ್ಚಿಸುತ್ತದೆ. ಆದರೆ ಬಹುಕಾಲ ಪ್ರತಿನಿತ್ಯ ವಿಪರೀತ ಕುಡಿದವರು ಒಂದು ದಿನ ಆಣೆ ಮಾಡಿ ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಬಿಡುವ ಸಂಕಲ್ಪ ಶ್ರೇಷ್ಠ. ಅದನ್ನು ವೈದ್ಯರ ನೆರವಿನಿಂದ ನೆರವೇರಿಸಬೇಕು.

ಚಿಕಿತ್ಸೆ ಎಂದರೇನು?

ಸೌಮ್ಯ ತೊಂದರೆಗಳಿಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಆಪ್ತಸಮಾಲೋಚನೆಯೆಂದರೆ ಬುದ್ಧಿವಾದವಲ್ಲ. ಯೋಚನೆ ಎಲ್ಲಿ ಗಂಟುಬಿದ್ದಿದೆಯೆಂದು ತಾಳ್ಮೆಯಿಂದ ಕೇಳಿ, ಆ ಗಂಟನ್ನು ಬಿಡಿಸಲು ವ್ಯಕ್ತಿಗೇ ನೆರವಾಗುವ ಕ್ರಮಬದ್ಧ ವಿಧಾನ. ತೊಂದರೆ ಹೆಚ್ಚಿದ್ದರೆ ಔಷಧಿಯೂ ಬೇಕಾಗುತ್ತದೆ.

ಔಷಧಿಯ ಬಗ್ಗೆ ಇರುವ ಮೂರು ತಪ್ಪು ತಿಳುವಳಿಕೆಗಳನ್ನು ಇಲ್ಲಿ ತಿದ್ದಬೇಕು. ಮೊದಲನೆಯದು, 'ಇವೆಲ್ಲ ನಿದ್ದೆ ಮಾತ್ರೆ, ಅಭ್ಯಾಸವಾಗಿಬಿಡುತ್ತವೆ' ಎಂಬುದು. ಖಿನ್ನತೆಗೆ ಕೊಡುವ ಔಷಧಿಗಳು ಚಟ ಹತ್ತಿಸುವಂಥವಲ್ಲ. ಕೆಲವು ನಿದ್ರೆಯ ಮಾತ್ರೆಗಳು ಅಭ್ಯಾಸವಾಗುವುದು ನಿಜ. ಆದ್ದರಿಂದಲೇ ವೈದ್ಯರು ಅವನ್ನು ಕೆಲವು ದಿನಗಳಿಗಷ್ಟೇ ಬರೆಯುತ್ತಾರೆ, ಮೆಡಿಕಲ್ ಸ್ಟೋರಿನಿಂದ ತಾವೇ ಕೊಂಡು ನುಂಗಬಾರದು. ಎರಡನೆಯದು, 'ನಾಲ್ಕು ದಿನ ತಗೊಂಡೆ, ಏನೂ ಆಗಲಿಲ್ಲ' ಎಂಬುದು. ಈ ಔಷಧಿಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಆರಂಭದಲ್ಲಿ ಬರುವ ವಾಕರಿಕೆ, ತಲೆಭಾರಗಳು ಸಾಮಾನ್ಯವಾಗಿ ತಾವಾಗಿ ಇಳಿಯುತ್ತವೆ. ಚಡಪಡಿಕೆ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೂರನೆಯದು, 'ವಾಸಿಯಾಯಿತು, ಬಿಟ್ಟೆ' ಎಂಬುದು. ವಾಸಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ನಿಲ್ಲಿಸಬೇಕು. ನಡುವೆ ಬಿಟ್ಟವರಿಗೆ ಕಾಯಿಲೆ ಮರಳುವುದು ಹೆಚ್ಚು.

ಹರಕೆ ಮತ್ತು ಔಷಧಿ

ನಂಜುಂಡೇಶ್ವರನನ್ನು ರೋಗ ಕಳೆಯುವ ವೈದ್ಯನೆಂದು ನಂಬಿದ ನಾಡು ಇದು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನು 'ಹಕೀಂ ನಂಜುಂಡ' ಎಂದು ಕರೆದನೆಂಬ ಪ್ರತೀತಿಯೂ ಇದೆ. ಹರಕೆಯಿಂದ ಧೈರ್ಯ ಬರುತ್ತದೆ, ಪೂಜೆಯಿಂದ ಮನಸ್ಸು ಒಂದೆಡೆ ನಿಲ್ಲುತ್ತದೆ. ಅದನ್ನು ಬಿಡಬೇಕೆಂದು ಯಾವ ವೈದ್ಯರೂ ಹೇಳಬೇಕಾಗಿಲ್ಲ. ಸಕ್ಕರೆ ಕಾಯಿಲೆಯವರು ಪೂಜೆಯನ್ನೂ ಮಾಡುತ್ತಾರೆ, ಮಾತ್ರೆಯನ್ನೂ ನುಂಗುತ್ತಾರೆ. ಮನಸ್ಸಿನ ಕಾಯಿಲೆಗೂ ಅದೇ ಕ್ರಮ ಸಲ್ಲಬೇಕು. ಆದರೆ ಮಾಟ, ಗಾಳಿ ಸೋಕು ಎಂದು ಹೆದರಿಸಿ ಸಾವಿರಾರು ರೂಪಾಯಿ ಕೀಳುವವರಿಂದ, ಹೊಡೆದು ಬರೆಹಾಕುವವರಿಂದ ರೋಗಿಯನ್ನು ದೂರವಿಡುವುದು ಮನೆಯವರ ಕರ್ತವ್ಯ. 'ಭಕ್ತಿ ಸಾಲದು, ಅದಕ್ಕೇ ಹೀಗಾಗಿದೆ' ಎಂಬ ಮಾತನ್ನೂ ಆಡಬಾರದು. ಕಾಯಿಲೆಯು ಭಕ್ತರನ್ನೂ ಬಿಡುವುದಿಲ್ಲ.

ಎಲ್ಲಿಗೆ ಹೋಗಬೇಕು?

ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಬೆಂಗಳೂರಿನ ಹುಚ್ಚಾಸ್ಪತ್ರೆಗೆ 'ಮಾನಸಿಕ ಆಸ್ಪತ್ರೆ' ಎಂಬ ಹೆಸರಾಯಿತು. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಹಳ್ಳಿಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿಕೊಟ್ಟರು. ಆ ಮಾದರಿಯನ್ನು ಅನುಸರಿಸಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ನಾಡಿನವರು ನಾವು. ಆ ದಾರಿಯಲ್ಲಿ ನಡೆಯಲು ಹಿಂಜರಿಯಬಾರದು.

ಮೊದಲ ಹೆಜ್ಜೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ. ಆಶಾ ಕಾರ್ಯಕರ್ತೆಯೊಡನೆಯೂ ಮಾತನಾಡಬಹುದು. ನಂಜನಗೂಡು, ತಿ. ನರಸೀಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. 'ಮನೋಚೈತನ್ಯ' ಕಾರ್ಯಕ್ರಮದಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಗುತ್ತದೆ. ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಜೆಎಸ್‌ಎಸ್ ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ. ಮನೆಯಿಂದ ಹೊರಡಲಾಗದವರು 14416 ಸಂಖ್ಯೆಗೆ ಕರೆಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿಯು ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಾಣದ ಪ್ರಶ್ನೆ

2022ರಲ್ಲಿ ದೇಶದ ಕೃಷಿ ವಲಯದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 11,290 ಮಂದಿ. ರಾಜ್ಯಗಳ ಪೈಕಿ ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮ ಕರ್ನಾಟಕದ್ದು. ಪ್ರತಿ ಸಂಖ್ಯೆಯ ಹಿಂದೆ ಒಂದು ಮನೆಯಿದೆ.

'ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ' ಎಂಬ ಮಾತು, ಬೆಲೆಬಾಳುವ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಂದ ಬೀಳ್ಕೊಂಡಂತೆ ಮಾತನಾಡುವುದು, ಬಹಳ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿಬಿಡುವುದು ಇವನ್ನು ಹಗುರವಾಗಿ ಕಾಣಬಾರದು. 'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಒಬ್ಬರೇ ಹೊತ್ತಿದ್ದ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ, ಇಡಲೇಬೇಕಾದರೆ ಬೀಗದೊಳಗಿಟ್ಟು ಕೀಲಿಯನ್ನು ಬೇರೆಯವರ ಕೈಯಲ್ಲಿಡಬೇಕು. ಆ ಯೋಚನೆಯ ತೀವ್ರತೆ ಅಲೆಯಂತೆ ಬಂದು ಇಳಿಯುವಂಥದು. ಅದು ಇಳಿಯುವವರೆಗೆ ಕೈಗೆ ಅಪಾಯ ಎಟುಕದಿದ್ದರೆ ಒಂದು ಪ್ರಾಣ ಉಳಿಯುತ್ತದೆ.

ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತಡವಾಗಿ ಒಯ್ಯುವವರಿದ್ದಾರೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ ಎಂದು ಹೇಳಿದೆ. ಆದ್ದರಿಂದ ಒಂದು ಗಳಿಗೆಯನ್ನೂ ಕಳೆಯಬಾರದು.

ಮನೆಯವರೇನು ಮಾಡಬೇಕು?

'ಧೈರ್ಯ ತಗೋ', 'ನಿನಗೇನು ಕಡಿಮೆಯಾಗಿದೆ', 'ಎಲ್ಲರಿಗೂ ಕಷ್ಟ ಇದ್ದದ್ದೇ' ಈ ಮಾತುಗಳನ್ನು ನಾವು ಒಳ್ಳೆಯ ಮನಸ್ಸಿನಿಂದಲೇ ಆಡುತ್ತೇವೆ. ಕೇಳುವವರಿಗೆ ಅವು 'ತಪ್ಪು ನಿನ್ನದೇ' ಎಂದು ಕೇಳಿಸುತ್ತವೆ. ಅದಕ್ಕಿಂತ 'ಎಷ್ಟು ದಿನದಿಂದ ಹೀಗಿದೆ?' ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳುವುದು ಮೇಲು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಮಾತ್ರೆಯನ್ನು ನೆನಪಿಸುವುದು, ಸಂಜೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ಕರೆದುಕೊಂಡು ನಡೆಯುವುದು ಇವೂ ಚಿಕಿತ್ಸೆಯ ಭಾಗಗಳೇ.

ಬಳಲುವವರು ತಮ್ಮ ಪಾಲಿಗೆ ಮಲಗುವ, ಏಳುವ ಹೊತ್ತನ್ನು ಕ್ರಮಪಡಿಸಿಕೊಳ್ಳಬೇಕು. ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರವಿಡಬೇಕು. ಮಧ್ಯಾಹ್ನದ ನಂತರ ಕಾಫಿ ಟೀ ತಗ್ಗಿಸಬೇಕು. ಮನಸ್ಸಿಲ್ಲದಿದ್ದರೂ ದಿನಕ್ಕೊಂದು ಸಣ್ಣ ಕಾಯಕವನ್ನು ಹಿಡಿಯಬೇಕು, ಗಿಡಕ್ಕೆ ನೀರೆರೆಯುವುದಾದರೂ ಸರಿ. ಮನಸ್ಸು ಬಂದ ಮೇಲೆ ಕೆಲಸವೆಂದು ಕಾದರೆ ಅದು ಬರುವುದಿಲ್ಲ; ಕೆಲಸ ಹಿಡಿದ ಮೇಲೆ ಮನಸ್ಸು ನಿಧಾನವಾಗಿ ಹಿಂಬಾಲಿಸುತ್ತದೆ. ದಾಸೋಹದ ಪಂಕ್ತಿಯಲ್ಲಿ ನಾಲ್ಕು ಜನರಿಗೆ ಬಡಿಸುವುದರಿಂದ ತಾನು ಬೇಡವಾದವನಲ್ಲವೆಂಬ ಅರಿವು ಮರಳುತ್ತದೆ.

ಆ ತಾಯಿಯ ವಿಷಯಕ್ಕೆ ಮರಳೋಣ. ಆಕೆಗೆ ಔಷಧಿ ಆರಂಭವಾಯಿತು. ಮುಂದಿನ ಸಲ ಗಂಡನನ್ನೂ ಕರೆತರಲು ಹೇಳಿದೆವು. ಕಂತಿನ ಭಯ ಆಕೆಯೊಬ್ಬಳದೇ ಆಗಿತ್ತೆಂದು ಆತನಿಗೆ ಅಂದೇ ತಿಳಿದದ್ದು. ಮೂರನೆಯ ವಾರ ನಿದ್ರೆ ಬಂತು. ತಲೆಯ ಉರಿ ಇಳಿಯಲು ಎರಡು ತಿಂಗಳಾಯಿತು. ಸಾಲ ಇನ್ನೂ ತೀರಿಲ್ಲ. ಆದರೆ ಬುಧವಾರ ರಾತ್ರಿ ಲೆಕ್ಕದ ಪುಸ್ತಕವನ್ನು ಈಗ ಇಬ್ಬರೂ ಕೂತು ನೋಡುತ್ತಾರೆ. ಮಗಳ ಮದುವೆಯನ್ನು ಒಂದು ವರ್ಷ ಮುಂದೆ ಹಾಕಿದ್ದಾರೆ. "ಮೊದ್ಲೇ ಹೇಳ್ಬೇಕಿತ್ತು" ಎಂದು ಗಂಡ ಅಂದರೆ, "ನೀವು ಕೇಳ್ಬೇಕಿತ್ತು" ಎಂದು ಆಕೆ ಅಂದರಂತೆ.

ಇಬ್ಬರ ಮಾತೂ ಸರಿಯೇ. ನೊಂದವರು ಹೇಳಬೇಕು, ಹತ್ತಿರದವರು ಕೇಳಬೇಕು. ಈ ಪುಟವನ್ನು ಮಡಚುವ ಮುನ್ನ ತಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇತ್ತೀಚೆಗೆ ಮಾತು ಕಡಿಮೆ ಮಾಡಿದವರು ಯಾರಾದರೂ ಇದ್ದಾರೆಯೆ ಎಂದು ಓದುಗರು ಒಮ್ಮೆ ನೆನೆದುಕೊಳ್ಳಬೇಕೆಂದು ನಾವು ಕೋರುತ್ತೇವೆ. ಇದ್ದರೆ ಇಂದು ಸಂಜೆಯೇ ಅವರ ಬಳಿ ಹೋಗಿ ಕುಳಿತು, "ನಿದ್ದೆ ಹೇಗಿದೆ?" ಎಂದು ಕೇಳಬಹುದು.